ಮುರುಗಲು ಕುಡಿದರೆ ವೇಪ್‌ನ ವಿಷ ಹೋಗುತ್ತದಾ? ನನ್ನ ಲ್ಯಾಬ್ ಕೆಲಸ ಕಲಿಸಿದ್ದು

ನಾನು ಕಾರವಾರದ ಒಂದು ಲ್ಯಾಬಿನಲ್ಲಿ ಟಾಕ್ಸಿಕಾಲಜಿ ಕೆಲಸ ಮಾಡುತ್ತೇನೆ. ಯಾವ ವಸ್ತು ಎಷ್ಟು ಪ್ರಮಾಣದಲ್ಲಿ ಜೀವಕೋಶಕ್ಕೆ ಏನು ಹಾನಿ ಮಾಡುತ್ತದೆ ಅಂತ ನೋಡುವ ಕೆಲಸ ಇದು. ಈಗ ಕೈಯಲ್ಲಿರುವುದು ಎರಡು ವಿಷಯ. ಇ-ಸಿಗರೇಟಿನ (ವೇಪ್‌ನ) ಆವಿಯಲ್ಲಿರುವ ವಸ್ತುಗಳು ಶ್ವಾಸಕೋಶದ ಕೋಶಗಳನ್ನು ಹೇಗೆ ಕೆಡಿಸುತ್ತವೆ ಅನ್ನುವುದು ಒಂದು. ನಮ್ಮ ಕಡೆಯ ಗಿಡಮರಗಳಲ್ಲಿರುವ ಆ್ಯಂಟಿಆಕ್ಸಿಡೆಂಟ್‌ಗಳು, ಮುಖ್ಯವಾಗಿ ಮುರುಗಲು (ಕೋಕಂ, ಪುನರ್ಪುಳಿ), ಆ ಹಾನಿಯನ್ನು ತಡೆಯುತ್ತವಾ ಅನ್ನುವುದು ಇನ್ನೊಂದು.

ಹೀಗಂತ ಹೇಳಿದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ. ‘ಹಾಗಾದ್ರೆ ದಿನಾ ಮುರುಗಲ ಪಾನಕ ಕುಡಿದರೆ ಆಯ್ತಲ್ಲ?’ ಇಲ್ಲಿ ಕಾರವಾರದವರಾದರೆ ಸೋಲ್‌ಕಡಿ ಅಂತಾರೆ, ಮೇಲೆ ಶಿರಸಿ ಸಿದ್ದಾಪುರದವರಾದರೆ ಪಾನಕ ಅಂತಾರೆ, ಪ್ರಶ್ನೆ ಮಾತ್ರ ಅದೇ. ಕೇಳುವವರ ತಪ್ಪಿಲ್ಲ. ಆ್ಯಂಟಿಆಕ್ಸಿಡೆಂಟ್ ಅಂದರೆ ಒಳ್ಳೇದು, ಗಿಡದ್ದು ಅಂದರೆ ಅಪಾಯ ಇಲ್ಲ ಅಂತ ಅಂಗಡಿಯ ಪ್ರತಿಯೊಂದು ಡಬ್ಬಿಯೂ ಹೇಳುತ್ತಿದೆ. ಆದರೆ ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದಿದ್ದರೆ ಇದು: ಒಂದು ವಸ್ತು ಒಳ್ಳೇದೋ ಕೆಟ್ಟದ್ದೋ ಅಂತ ಕೇಳುವ ಮೊದಲು, ಅದು ಯಾವ ದಾರಿಯಿಂದ ಒಳಗೆ ಹೋಯ್ತು, ಎಷ್ಟು ಹೋಯ್ತು, ಯಾರ ಮೈಗೆ ಹೋಯ್ತು ಅಂತ ಕೇಳಬೇಕು. ಅದಿಲ್ಲದೆ ಬರುವ ಉತ್ತರವನ್ನು ನಾನು ನಂಬುವುದಿಲ್ಲ.

ದಾರಿಯ ಮಾತಿಗೆ ವಿಟಮಿನ್ ಇ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದೂ ಒಂದು ಆ್ಯಂಟಿಆಕ್ಸಿಡೆಂಟೇ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದುವ ಹುಡುಗರು, ಆರೋಗ್ಯವಾಗಿದ್ದವರು, ಇದ್ದಕ್ಕಿದ್ದ ಹಾಗೆ ಉಸಿರಾಡಲು ಆಗದೆ ಆಸ್ಪತ್ರೆಗೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 2,807 ಪ್ರಕರಣ, 68 ಸಾವು. ರೋಗಿಗಳ ಶ್ವಾಸಕೋಶದೊಳಗೆ ಉಪ್ಪುನೀರು ಬಿಟ್ಟು ವಾಪಸ್ ತೆಗೆದು ಆ ನೀರನ್ನು ಪರೀಕ್ಷೆ ಮಾಡಿದರು. 51 ರೋಗಿಗಳಲ್ಲಿ 48 ಮಂದಿಯ ನೀರಿನಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಅದು ಇರಲಿಲ್ಲ. ಗಾಂಜಾದ ಸತ್ವ ಇರುವ ವೇಪ್ ಎಣ್ಣೆಯನ್ನು ಮಂದ ಮಾಡಲು, ಲಾಭಕ್ಕೆ, ಅದನ್ನು ಬೆರೆಸುತ್ತಿದ್ದರು.

ವಿಟಮಿನ್ ಇ ಅಸಿಟೇಟ್ ಅಂದರೆ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವಂಥದ್ದು, ಮೆಡಿಕಲ್ ಶಾಪಿನಲ್ಲಿ ಗುಳಿಗೆಯಾಗಿ ಸಿಗುವಂಥದ್ದು. ನುಂಗಿದರೆ ಕರುಳಿನ ಕಿಣ್ವಗಳು ಅಸಿಟೇಟ್ ಭಾಗವನ್ನು ಕತ್ತರಿಸಿ ತೆಗೆಯುತ್ತವೆ, ಉಳಿದ ವಿಟಮಿನ್ ಇ ದೇಹಕ್ಕೆ ಸೇರುತ್ತದೆ. ಅದೇ ವಸ್ತುವನ್ನು ಕಾಸಿ ಆವಿ ಮಾಡಿ ಎಳೆದುಕೊಂಡರೆ? ಎಣ್ಣೆಯಂಥ ಆ ಪದಾರ್ಥ ಶ್ವಾಸಕೋಶದ ತೀರಾ ತೆಳುವಾದ ಗಾಳಿಚೀಲಗಳ ಮೇಲೆ ಹೋಗಿ ಕೂರುತ್ತದೆ, ಮೇಲಿಂದ ಬಿಸಿಗೆ ಕೀಟೀನ್ ಅನ್ನುವ ಉರಿಯೂತ ಎಬ್ಬಿಸುವ ಅನಿಲವೂ ಹುಟ್ಟಬಹುದು. ಆ್ಯಂಟಿಆಕ್ಸಿಡೆಂಟ್ ಅನ್ನುವ ಹೆಸರು ಅಲ್ಲಿ ಯಾರನ್ನೂ ಕಾಪಾಡಲಿಲ್ಲ.

ಪರಿಮಳದ ವಸ್ತುಗಳದ್ದೂ ಇದೇ ಕಥೆ. ವೇಪ್ ದ್ರವದಲ್ಲಿ ಮಾವು, ಪುದೀನ, ದಾಲ್ಚಿನ್ನಿ, ಬೆಣ್ಣೆ, ಏನು ಬೇಕಾದರೂ ಇರುತ್ತದೆ. ‘ಇವೆಲ್ಲ ತಿನ್ನುವ ಪದಾರ್ಥಕ್ಕೆ ಹಾಕುವ ಫ್ಲೇವರ್, ಅನುಮತಿ ಇದೆ’ ಅಂತ ಮಾರುವವರು ಹೇಳುತ್ತಾರೆ. ಅನುಮತಿ ಇರುವುದು ತಿನ್ನಲಿಕ್ಕೆ. 2000ದಲ್ಲಿ ಅಮೆರಿಕದ ಮಿಸೌರಿಯ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಎಂಟು ಮಂದಿಗೆ ಶ್ವಾಸನಾಳಗಳೇ ಮುಚ್ಚಿಹೋಗುವ ಕಾಯಿಲೆ ಬಂದದ್ದು ಪತ್ತೆಯಾಯಿತು. ಕಾರಣ ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್, ಅದರ ಆವಿಯನ್ನು ದಿನವಿಡೀ ಉಸಿರಾಡಿದ್ದು. ಆ ಪಾಪ್‌ಕಾರ್ನ್ ತಿಂದವರಿಗೆ ತಿಂದದ್ದರಿಂದ ಆ ಕಾಯಿಲೆ ಬರಲಿಲ್ಲ. 2015ರಲ್ಲಿ ಹಾರ್ವರ್ಡ್‌ನವರು 51 ಬಗೆಯ ಇ-ಸಿಗರೇಟ್ ಫ್ಲೇವರ್ ಪರೀಕ್ಷೆ ಮಾಡಿದಾಗ 39ರಲ್ಲಿ ಅದೇ ಡೈಅಸಿಟೈಲ್ ಇತ್ತು. ನಮ್ಮ ಶಿರಸಿಯ ತೋಟಗಳಲ್ಲಿ ಬೆಳೆಯುವ ದಾಲ್ಚಿನ್ನಿಯನ್ನೇ ತೆಗೆದುಕೊಳ್ಳಿ. ಅದರ ಪರಿಮಳಕ್ಕೆ ಕಾರಣವಾದ ಸಿನಮಾಲ್ಡಿಹೈಡ್, ಶ್ವಾಸನಾಳದಲ್ಲಿ ಕಫವನ್ನು ಮೇಲೆ ತಳ್ಳುವ ಸಣ್ಣ ರೋಮಗಳ ಚಲನೆಯನ್ನೇ ನಿಧಾನ ಮಾಡುತ್ತದೆ ಅಂತ ಕೋಶಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಪಲಾವಿಗೆ ಹಾಕುವ ದಾಲ್ಚಿನ್ನಿಗೆ ಇದು ಅನ್ವಯಿಸುವುದಿಲ್ಲ, ದಯವಿಟ್ಟು ಡಬ್ಬಿ ಎಸೆಯಬೇಡಿ.

ಈಗ ಲ್ಯಾಬಿನ ವಿಷಯಕ್ಕೆ ಬರುತ್ತೇನೆ. ನಾವು ವೇಪ್ ಯಂತ್ರ ಇಟ್ಟುಕೊಂಡಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ತಡೆ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಆದ್ದರಿಂದ ನಾವು ಆವಿಯಲ್ಲಿ ಇರುವುದು ಖಚಿತವಾಗಿರುವ ವಸ್ತುಗಳನ್ನು ಒಂದೊಂದಾಗಿ ತೆಗೆದುಕೊಂಡು ಕೋಶಗಳ ಮೇಲೆ ಹಾಕುತ್ತೇವೆ. ವೇಪ್ ದ್ರವ ಅಂದರೆ ಹೆಚ್ಚಿನ ಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್, ಅದಕ್ಕೆ ನಿಕೋಟಿನ್, ಫ್ಲೇವರ್. ವೇಪ್‌ನೊಳಗಿನ ಕಾಯಿಲ್ (ದ್ರವ ಕಾಯಿಸುವ ತಂತಿ) ಬಿಸಿಯಾದಾಗ ಈ ದ್ರವ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲೀನ್ ಹುಟ್ಟುತ್ತವೆ. ಲೋಹದ ಕಾಯಿಲ್‌ನಿಂದ ನಿಕಲ್, ಕ್ರೋಮಿಯಂ ಕೂಡ ಸೇರಿಕೊಳ್ಳುತ್ತವೆ. ದ್ರವ ಹೀರುವ ಬತ್ತಿ ಒಣಗಿ ಬಿಸಿ ಜಾಸ್ತಿಯಾದಷ್ಟೂ ಇವು ಜಾಸ್ತಿ. ಅಕ್ರೋಲೀನ್ ನಮ್ಮೆಲ್ಲರಿಗೂ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ: ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆ ಎದ್ದಾಗ ಕಣ್ಣು ಉರಿಸುತ್ತದಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಅದು ಕೋಶದೊಳಗಿನ ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತುವಿಗೆ ಅಂಟಿಕೊಂಡು ಅದನ್ನು ಖಾಲಿ ಮಾಡಿಬಿಡುತ್ತದೆ.

ವಿಷದ ಕಡೆ ಇಷ್ಟು. ಗಿಡದ ಕಡೆ ಕೆಲಸ ಇನ್ನೂ ಜಾಸ್ತಿ ಇದೆ, ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ಮುರುಗಲ ಹಣ್ಣು ಏಪ್ರಿಲ್, ಮೇನಲ್ಲಿ ಸಿಗುತ್ತದೆ. ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ಹಳದಿ ವಸ್ತು ಇದೆ, ಕೆಂಪು ಬಣ್ಣ ಕೊಡುವ ಆಂಥೋಸಯಾನಿನ್‌ಗಳಿವೆ, ಹುಳಿ ಕೊಡುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ಸಂತೆಯಿಂದ ಒಣಗಿದ ಸಿಪ್ಪೆ ತಂದು ಕುದಿಸಿದರೆ ಆಯ್ತಲ್ಲ ಅಂತ ಹೊಸದಾಗಿ ಬಂದ ಎಲ್ಲ ಹುಡುಗ ಹುಡುಗಿಯರಿಗೂ ಅನಿಸುತ್ತದೆ. ಆಗುವುದಿಲ್ಲ. ಹೆಚ್ಚಿನ ಕಡೆ ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸುತ್ತಾರೆ, ಕೆಡಬಾರದು ಅಂತ. ಅಡುಗೆಗೆ ಅದು ಸರಿ. ಆದರೆ ಆ ಉಪ್ಪು, ಸಿಪ್ಪೆಯಿಂದ ನೀರಿನಲ್ಲಿ ತೆಗೆದ ಸಾರದ ಜೊತೆ ಕೋಶಗಳ ಮೇಲೆ ಬಿದ್ದರೆ ಕೋಶ ನೀರು ಕಳೆದುಕೊಂಡು ಮುದುಡುತ್ತದೆ. ಆಗ ನಾವು ಅಳೆದದ್ದು ಮುರುಗಲನ್ನಾ, ಉಪ್ಪನ್ನಾ? ಅಷ್ಟೇ ಮುಖ್ಯ ಹುಳಿ. ಕೋಶ ಬೆಳೆಸುವ ಮೀಡಿಯಂಗೆ ಫಿನಾಲ್ ರೆಡ್ ಬಣ್ಣ ಹಾಕಿರುತ್ತಾರೆ, ಮುರುಗಲ ಸಾರ ಬಿದ್ದ ಕೂಡಲೇ ಅದು ಹಳದಿಗೆ ತಿರುಗುತ್ತದೆ, ಅಂದರೆ ಆಮ್ಲ ಜಾಸ್ತಿಯಾಯ್ತು. ಪಿಎಚ್ ಸರಿ ಮಾಡದೆ ಮುಂದೆ ಹೋದರೆ ಕೋಶ ಸತ್ತದ್ದು ಹುಳಿಗೆ, ಅಪವಾದ ಗಾರ್ಸಿನಾಲ್‌ಗೆ.

ಉಪ್ಪಾಗೆ ಇನ್ನೂ ಸೂಕ್ಷ್ಮ. ಮುರುಗಲಿನ ಒಡಹುಟ್ಟು, ಅದೇ ಜಾತಿಯ ಮರ, ಒಣಗಿದ ಮೇಲೆ ಕಪ್ಪು ಸಿಪ್ಪೆ ನೋಡಿ ಎರಡನ್ನೂ ಗೊಂದಲ ಮಾಡಿಕೊಳ್ಳುವವರು ಇದ್ದಾರೆ. ಅದಕ್ಕೇ ಹಣ್ಣು ತಂದ ಮರದ ಎಲೆ, ಟೊಂಗೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸಸ್ಯಶಾಸ್ತ್ರ ಬಲ್ಲವರಿಂದ ಗುರುತು ಮಾಡಿಸಿ ಇಡುತ್ತೇವೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಘಟ್ಟದ ಮೇಲೆ ಆ ಮಳೆಯಲ್ಲಿ ಬಿಸಿಲೆಲ್ಲಿ? ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸುತ್ತಾರೆ. ಕಟ್ಟಿಗೆಯ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ವಸ್ತುಗಳು ಇರುತ್ತವೆ, ಅವು ಸಿಪ್ಪೆಯ ಮೇಲೆ ಕೂರುತ್ತವೆ. ಸಿಗರೇಟ್ ಹೊಗೆಯಲ್ಲಿರುವ ಕ್ಯಾನ್ಸರ್‌ಕಾರಕಗಳಲ್ಲಿ ಅದೂ ಒಂದು! ಶ್ವಾಸಕೋಶವನ್ನು ಕಾಪಾಡುತ್ತದಾ ಅಂತ ನೋಡಲು ತಂದ ಸಿಪ್ಪೆಯ ಜೊತೆ ಹೊಗೆಯನ್ನೂ ಲ್ಯಾಬಿನೊಳಗೆ ತಂದಂತಾಯ್ತು. ಇದು ಯಾವ ಪ್ರೋಟೋಕಾಲ್ ಪುಸ್ತಕದಲ್ಲೂ ಸಿಗುವುದಿಲ್ಲ, ಊರಿನಲ್ಲಿ ಉಪ್ಪಾಗೆ ಒಣಗಿಸುವುದನ್ನು ನೋಡಿದವರಿಗೆ ಮಾತ್ರ ಹೊಳೆಯುತ್ತದೆ. ನಮ್ಮ ಕಡೆಯ ಹುಡುಗರು ಈ ಕ್ಷೇತ್ರಕ್ಕೆ ಬರಬೇಕು ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು ಜೂನ್, ಜುಲೈನಲ್ಲಿ ಕಾರವಾರದ ಗಾಳಿಯಲ್ಲಿ ಸಾರದ ಪುಡಿಯ ಬಾಟಲಿ ತೆಗೆದಿಟ್ಟು ನೋಡಿ, ನೋಡನೋಡುತ್ತಲೇ ತೇವ ಹೀರಿ ಅಂಟಾಗುತ್ತದೆ. ತೂಕ ಮಾಡಿದ್ದರಲ್ಲಿ ನೀರೆಷ್ಟು, ಮುರುಗಲೆಷ್ಟು ಅಂತ ಹೇಳಲಾಗದು. ಬೇಕಾದಷ್ಟನ್ನು ಒಮ್ಮೆಗೇ ಸಣ್ಣ ಸಣ್ಣ ಟ್ಯೂಬಿಗೆ ಹಾಕಿ ಸೀಲ್ ಮಾಡಿಡುವುದು ಒಂದೇ ದಾರಿ.

ಮೊನ್ನೆ ನಮ್ಮಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗಿ, ಕೋಶ ಬೆಳೆಸುವ ಸಣ್ಣ ಸಣ್ಣ ಗುಳಿಗಳು (ವೆಲ್) ಇರುವ ಪ್ಲೇಟ್ ಹಿಡಿದುಕೊಂಡು ಓಡಿ ಬಂದಳು. ‘ಮೇಡಂ, ಅಕ್ರೋಲೀನ್ ಹಾಕಿದರೂ ಕೋಶ ಎಲ್ಲ ಬದುಕಿವೆ, ನೋಡಿ ಎಷ್ಟು ನೇರಳೆ!’ ಎಂಟಿಟಿ ಪರೀಕ್ಷೆ ಅದು. ಬದುಕಿರುವ ಕೋಶ ಹಳದಿ ಬಣ್ಣದ ಎಂಟಿಟಿಯನ್ನು ನೇರಳೆ ಮಾಡುತ್ತದೆ, ನೇರಳೆ ಜಾಸ್ತಿ ಇದ್ದಷ್ಟು ಬದುಕಿದ ಕೋಶ ಜಾಸ್ತಿ ಅಂತ ಲೆಕ್ಕ. ಅವಳ ಖುಷಿ ನೋಡಿ ನನಗೂ ಖುಷಿಯೇ ಆಯಿತು. ಆದರೂ ಕೇಳಿದೆ, ‘ಕೋಶ ಇಲ್ಲದ ವೆಲ್ ಏನು ಹೇಳ್ತದೆ?’

ನಮ್ಮಲ್ಲಿ ಅದು ಕಡ್ಡಾಯ. ಪ್ರತಿ ಪ್ಲೇಟಿನಲ್ಲೂ ಕೆಲವು ವೆಲ್‌ಗೆ ಕೋಶ ಹಾಕುವುದೇ ಇಲ್ಲ, ಬರೀ ಮೀಡಿಯಂ, ಸಾರ, ಎಂಟಿಟಿ. ಅವಳು ಹೋಗಿ ನೋಡಿದಳು. ಆ ವೆಲ್‌ಗಳೂ ನೇರಳೆಯೇ. ಬದುಕಲು ಅಲ್ಲಿ ಯಾರೂ ಇಲ್ಲ, ಆದರೂ ಬಣ್ಣ ಬಂದಿದೆ. ಗಿಡದ ಪಾಲಿಫಿನಾಲ್‌ಗಳು ಎಂಟಿಟಿಯನ್ನು ತಾವೇ ನೇರವಾಗಿ ನೇರಳೆ ಮಾಡಬಲ್ಲವು. ಆ್ಯಂಟಿಆಕ್ಸಿಡೆಂಟ್ ಅಂದರೇ ಬೇರೆಯದಕ್ಕೆ ಎಲೆಕ್ಟ್ರಾನ್ ಕೊಡುವ ವಸ್ತು, ಅದರ ಗುಣವೇ ಪರೀಕ್ಷೆಯನ್ನು ತಪ್ಪು ದಾರಿಗೆ ಎಳೆಯುತ್ತದೆ. ಆದ್ದರಿಂದ ಸಾರವನ್ನು ಪೂರ್ತಿ ತೊಳೆದು ತೆಗೆದ ಮೇಲೆ ಎಂಟಿಟಿ ಹಾಕಬೇಕು, ಜೊತೆಗೆ ಟ್ರಿಪಾನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಕೋಶಗಳನ್ನು ಕಣ್ಣಾರೆ ಎಣಿಸಬೇಕು. ಬೇಸರದ ಕೆಲಸ. ಆದರೆ ನೀಲಿಯಾದ ಕೋಶ ಸತ್ತದ್ದು, ಅದರಲ್ಲಿ ವಾದ ಇಲ್ಲ.

ಎಣಿಸಿದರೂ ಉಳಿಯುವ ಪ್ರಶ್ನೆ ಒಂದಿದೆ, ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಸಾರ ಮತ್ತು ಅಕ್ರೋಲೀನ್ ಎರಡನ್ನೂ ಒಟ್ಟಿಗೆ ಹಾಕಿದರೆ ಅವು ಕೋಶದ ಹೊರಗೆ, ಮೀಡಿಯಂನಲ್ಲೇ ಒಂದಕ್ಕೊಂದು ಅಂಟಿಕೊಳ್ಳಬಹುದು. ಕೆಲವು ಪಾಲಿಫಿನಾಲ್‌ಗಳಿಗೆ ಅಕ್ರೋಲೀನ್ ಹಿಡಿದಿಡುವ ಶಕ್ತಿ ಇದೆ. ಆಗ ವಿಷ ಕೋಶವನ್ನು ಮುಟ್ಟಲೇ ಇಲ್ಲ, ಕೋಶ ಉಳಿದದ್ದರಲ್ಲಿ ಆಶ್ಚರ್ಯವೇನಿದೆ? ಇದು ಟೆಸ್ಟ್‌ಟ್ಯೂಬಿನ ರಸಾಯನಶಾಸ್ತ್ರ. ವೇಪ್ ಸೇದುವವನ ಶ್ವಾಸಕೋಶದಲ್ಲಿ ಮುರುಗಲ ಸಾರ ತುಂಬಿಕೊಂಡು ಕಾಯುತ್ತಿರುವುದಿಲ್ಲ, ಅಲ್ವಾ? ಆದ್ದರಿಂದ ಮೊದಲು ಸಾರ ಹಾಕಿ, ಕೆಲವು ಗಂಟೆ ಬಿಟ್ಟು, ತೊಳೆದು, ಆಮೇಲೆ ಅಕ್ರೋಲೀನ್ ಹಾಕುತ್ತೇವೆ. ಆಗಲೂ ಕೋಶ ತಡೆದುಕೊಂಡರೆ ಕೋಶ ತನ್ನದೇ ರಕ್ಷಣೆ ಹೆಚ್ಚಿಸಿಕೊಂಡಿದೆ ಅಂತ ಅರ್ಥ. ಎನ್‌ಆರ್‌ಎಫ್2 ಅನ್ನುವ ಪ್ರೋಟೀನ್ ಎಚ್ಚರವಾಗಿ ಗ್ಲುಟಾಥಯೋನ್ ತಯಾರಿಕೆ ಜಾಸ್ತಿಯಾಗಿರಬಹುದು. ಅವಳ ಪ್ಲೇಟಿನಲ್ಲಿ ಒಟ್ಟಿಗೆ ಹಾಕಿದಾಗ ಕಂಡ ದೊಡ್ಡ ರಕ್ಷಣೆ, ತೊಳೆದು ಮಾಡಿದಾಗ ತುಂಬಾ ಸಣ್ಣದಾಯಿತು. ಅವಳ ಮುಖವೂ ಸಣ್ಣದಾಯಿತು. ಆದರೆ ಆ ಉಳಿದ ಸಣ್ಣ ರಕ್ಷಣೆ ಇದೆಯಲ್ಲ, ಅದು ನಂಬಬಹುದಾದದ್ದು. ಅವಳಿಗೂ ಹಾಗೇ ಹೇಳಿದೆ.

ಕೋಶದ ಆಯ್ಕೆಯೂ ಸುಮ್ನೆ ಅಲ್ಲ. ಶ್ವಾಸಕೋಶ ಅಂದ ಕೂಡಲೇ ಎಲ್ಲರೂ ಎ-549 ಕೋಶ ಬಳಸುತ್ತಾರೆ, ಸುಲಭವಾಗಿ ಬೆಳೆಯುತ್ತವೆ. ಅವು 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಕೋಶಗಳು. ಅವುಗಳಲ್ಲಿ ಎನ್‌ಆರ್‌ಎಫ್2ಗೆ ಕಡಿವಾಣ ಹಾಕುವ ಕೀಪ್1 ಜೀನ್ ಕೆಟ್ಟಿದೆ, ಹಾಗಾಗಿ ರಕ್ಷಣೆ ಯಾವಾಗಲೂ ಚಾಲೂ ಇರುತ್ತದೆ. ಮುರುಗಲು ಈ ರಕ್ಷಣೆಯನ್ನು ಎಬ್ಬಿಸುತ್ತದಾ ಅಂತ ಅವುಗಳಲ್ಲಿ ನೋಡುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಕ್ಯಾನ್ಸರ್ ಅಲ್ಲದ ಶ್ವಾಸನಾಳದಿಂದ ಬಂದ ಬಿಯಾಸ್-2ಬಿ ಕೋಶಗಳನ್ನು ಇಟ್ಟುಕೊಂಡಿದ್ದೇವೆ. ಮತ್ತೆ ಇಲ್ಲಿ ಇನ್ನೊಂದು ಮಾತಿದೆ. ಕ್ಯಾನ್ಸರ್ ಕೋಶವೂ ಇದೇ ರಕ್ಷಣೆಯನ್ನು ಬಳಸಿಕೊಂಡು ಬದುಕುತ್ತದೆ ಅಂದ ಮೇಲೆ, ರಕ್ಷಣೆ ಹೆಚ್ಚಿಸುವುದು ಎಲ್ಲರಿಗೂ ಒಳ್ಳೇದು ಅಂತ ಹೇಗೆ ಹೇಳುವುದು?

ಇದು ಕಾಗದದ ಮೇಲಿನ ಭಯ ಅಲ್ಲ, ಮನುಷ್ಯರಲ್ಲಿ ಆಗಿದೆ. ಫಿನ್ಲೆಂಡ್‌ನಲ್ಲಿ 29,133 ಗಂಡಸರಿಗೆ, ಎಲ್ಲರೂ 50ರಿಂದ 69 ವಯಸ್ಸಿನ ಸಿಗರೇಟ್ ಸೇದುವವರು, ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಇಲ್ಲವೇ ಖಾಲಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಗಜ್ಜರಿಯಲ್ಲಿ ಇರುವ ಆ್ಯಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಮಾಡುತ್ತದೆ ಅನ್ನುವ ನಿರೀಕ್ಷೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಶೇ. 18 ಜಾಸ್ತಿ ಇತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಅಂಥದ್ದೇ ಇನ್ನೊಂದು ಪ್ರಯೋಗದಲ್ಲಿ, ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28, ಸಾವು ಶೇ. 17 ಜಾಸ್ತಿ ಕಂಡವು. 1996ರ ಜನವರಿಯಲ್ಲಿ, ಮುಗಿಯಲು 21 ತಿಂಗಳು ಇರುವಾಗಲೇ ಗುಳಿಗೆ ನಿಲ್ಲಿಸಿದರು. ಗಜ್ಜರಿ ತಿನ್ನಲು ಹೆದರಬೇಕಾಗಿಲ್ಲ. ಹೆಚ್ಚಾಗಿ ಸಿಗರೇಟ್ ಸೇದುವವರು, ಹಿಂದೆ ಸೇದಿದವರು ಆ ಪ್ರಮಾಣದ ಗುಳಿಗೆ ನುಂಗಿದ ಕಥೆ ಇದು. ಯಾರ ಮೈಗೆ, ಎಷ್ಟು ಅಂತ ಕೇಳಬೇಕು ಅಂದದ್ದು ಇದಕ್ಕೇ.

ಶಿರಸಿಯ ನಮ್ಮ ಅಪ್ಪಚ್ಚಿಗೆ (ಚಿಕ್ಕಪ್ಪನಿಗೆ) ಮುರುಗಲ ಮರಗಳಿವೆ. ಹೋದ ಸಲ ಊರಿಗೆ ಹೋದಾಗ ಯಾರೋ ಅವರ ತಲೆಗೆ ಹಾಕಿದ್ದರು, ಸಿಪ್ಪೆಯ ಪುಡಿ ಮಾಡಿ ‘ಶ್ವಾಸಕೋಶ ಶುದ್ಧಿ’ ಅಂತ ಪ್ಯಾಕೆಟ್ ಮೇಲೆ ಬರೆದರೆ ಬೆಂಗಳೂರಿನಲ್ಲಿ ಒಳ್ಳೆ ರೇಟು ಸಿಗುತ್ತದೆ ಅಂತ. ‘ತಂಗೀ, ನೀನು ಲ್ಯಾಬಿನಲ್ಲಿ ಇದನ್ನೇ ನೋಡ್ತಿದ್ದೀಯಲ್ಲ, ಒಂದು ಕಾಗದ ಬರೆದುಕೊಟ್ರೆ ಆಯ್ತು’ ಅಂದರು. ಅಡಿಕೆ ಬಿಟ್ಟು ಬೇರೆ ಆದಾಯ ಬೇಕು ಅನ್ನುವ ಅವರ ಕಷ್ಟ ನನಗೆ ಗೊತ್ತು. ಆದರೂ ಕಾಗದ ಕೊಡುವುದಿಲ್ಲ ಅಂದೆ, ಕೂತು ಕಾರಣ ಹೇಳಿದೆ. ಬಟ್ಟಲಿನ ಕೋಶಕ್ಕೆ ನಾವು ಹಾಕುವಷ್ಟು ಗಾರ್ಸಿನಾಲ್ ಪಾನಕ ಕುಡಿದವರ ಶ್ವಾಸಕೋಶಕ್ಕೆ ತಲುಪುತ್ತದೆ ಅಂತ ತೋರಿಸಿದವರಿಲ್ಲ. ಹೆಚ್ಚಿನ ಪಾಲಿಫಿನಾಲ್‌ಗಳನ್ನು ಕರುಳು ಮತ್ತು ಲಿವರ್ ಕೂಡಲೇ ಬದಲಾಯಿಸಿ ಹೊರಗೆ ಕಳಿಸುತ್ತವೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರಮಾಣ ಜಾಸ್ತಿ ಮಾಡಿದರೆ ಆಯ್ತಲ್ಲ ಅಂದರು. ಉಪ್ಪಾಗೆ ಸಾರವನ್ನು ತೂಕ ಇಳಿಸುವ ಗುಳಿಗೆ ಅಂತ ನುಂಗಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ ಅಂತ ಹೇಳಿದೆ. ಸಾರಿಗೆ ಒಂದೆರಡು ಸಿಪ್ಪೆ ಹಾಕುವುದು ಬೇರೆ, ಸಾರ ಇಳಿಸಿ ಗುಳಿಗೆ ಮಾಡಿ ದಿನಾ ನುಂಗುವುದು ಬೇರೆ. ಅಪ್ಪಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಡ್ಡಿಲ್ಲ, ಹಾಗಾದ್ರೆ ಪಾನಕದ ಸಿರಪ್ಪನ್ನೇ ಚೆನ್ನಾಗಿ ಮಾಡ್ತೆ’ ಅಂದರು. ರುಚಿಯ ಹೆಸರಿನಲ್ಲಿ ಮಾರಲಿ, ನಾನೇ ನಾಲ್ಕು ಜನಕ್ಕೆ ಹೇಳುತ್ತೇನೆ.

ಇಲ್ಲಿ ಕಾರವಾರದಲ್ಲಿ ಪರಿಚಯದ ತಾಯಿಯೊಬ್ಬರು ಬಂದಿದ್ದರು. ಕಾಲೇಜಿಗೆ ಹೋಗುವ ಮಗನ ಬ್ಯಾಗಿನಲ್ಲಿ ವೇಪ್ ಸಿಕ್ಕಿತ್ತು. ‘ಹೊಗೆಸೊಪ್ಪು ಇಲ್ಲ, ಬರೀ ಮಾವಿನ ಫ್ಲೇವರ್ ಅಂತಾನೆ ಮೇಡಂ, ದಿನಾ ಸೋಲ್‌ಕಡಿ ಕೊಡ್ತೇನೆ, ಸಾಕಲ್ಲ?’ ಅಂತ ಕೇಳಿದರು. ಸೋಲ್‌ಕಡಿ ಕೊಡಿ, ಊಟಕ್ಕೆ ಒಳ್ಳೇದು, ಆದರೆ ಅದು ಹೊಟ್ಟೆಗೆ ಹೋಗುತ್ತದೆ, ಅಕ್ರೋಲೀನ್ ಶ್ವಾಸಕೋಶಕ್ಕೆ ಹೋಗುತ್ತದೆ, ಒಂದು ಇನ್ನೊಂದನ್ನು ತೊಳೆಯುವುದಿಲ್ಲ ಅಂದೆ. ವೇಪ್‌ನ ಪಾಡ್ (ದ್ರವ ತುಂಬಿದ ಡಬ್ಬಿ) ಮೇಲೆ ಶೇ. 5 ಅಂತ ಬರೆದಿತ್ತು. ನೋಡಲು ಸಣ್ಣ ಅಂಕಿ. ಒಂದು ಎಂಎಲ್‌ನಲ್ಲಿ ಸುಮಾರು 50 ಮಿಲಿಗ್ರಾಂ ನಿಕೋಟಿನ್ ಅಂತ ಅರ್ಥ, ಯುರೋಪಿನ ಒಕ್ಕೂಟದಲ್ಲಿ 20ಕ್ಕಿಂತ ಜಾಸ್ತಿ ಮಾರುವ ಹಾಗಿಲ್ಲ. ಹುಡುಗ ಬಿಡಲು ಒದ್ದಾಡುತ್ತಿದ್ದರೆ ಅದು ಹಟ ಅಲ್ಲ, ನಿಕೋಟಿನ್ ಚಟ. ಬೈಯುವುದರಿಂದ ಅವನು ಅಡಗಿಸಿಡುವುದು ಕಲಿಯುತ್ತಾನೆ ಅಷ್ಟೆ. ಸರ್ಕಾರದ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-112-356 ಇದೆ, ಸಿಗರೇಟ್ ಪ್ಯಾಕಿನ ಮೇಲೂ ಅದೇ ನಂಬರ್ ಇರುತ್ತದೆ, ಅವನೇ ಮಾತಾಡಲಿ ಅಂತ ಬರೆದುಕೊಟ್ಟೆ.

ನಮ್ಮ ಮುಂದಿನ ಸುತ್ತಿನ ಪ್ರಯೋಗ ಉಪ್ಪು ಹಾಕದ, ಹೊಗೆ ತಾಗದ, ಬಿಸಿಲಿನಲ್ಲೇ ಒಣಗಿಸಿದ ಮುರುಗಲ ಸಿಪ್ಪೆಯ ಮೇಲೆ. ಆ ಹುಡುಗಿಯೇ ಮಾಡುತ್ತಾಳೆ, ಈಗ ಪ್ಲೇಟ್ ಓದಿದ ಕೂಡಲೇ ಮೊದಲು ಕೋಶ ಇಲ್ಲದ ವೆಲ್‌ಗಳನ್ನು ನೋಡುತ್ತಾಳೆ. ಶಿರಸಿ, ಯಲ್ಲಾಪುರ, ಹೊನ್ನಾವರ ಕಡೆ ಏಪ್ರಿಲ್‌ನಲ್ಲಿ ಮನೆಮಟ್ಟಿಗೆ ಹಾಗೆ ಒಣಗಿಸುವವರು ಇದ್ದರೆ ತಿಳಿಸಿ. ಯಾವ ಮರದ ಹಣ್ಣು ಅಂತ ಹೇಳಲು ಬರಬೇಕು, ಟೊಂಗೆ ಕತ್ತರಿಸಿಕೊಳ್ಳಲು ಬಿಡಬೇಕು, ಸಿಪ್ಪೆಗೆ ಸಂತೆಯ ರೇಟಿಗಿಂತ ಕಡಿಮೆ ಕೊಡುವುದಿಲ್ಲ.